ಅಯ್ಯಪ್ಪ, ಅಪ್ಪಯ್ಯ

ಸ್ವಾಮಿಯೇ ಶರಣಂ ಅಯ್ಯಪ್ಪ.

ಈ ಸರಣಿಯಲ್ಲಿ ಇಷ್ಟು ದಿನ ಬರೆದವರೆಲ್ಲ ಹತ್ತು, ಹದಿನೆಂಟು ಸಲ ಬೆಟ್ಟ ಹತ್ತಿದ ಹಿರಿಯರು. ನನ್ನದು ಇದು ಎರಡನೇ ಮಾಲೆ ಅಷ್ಟೇ. ನಾನು ಶಾಸ್ತ್ರ ಓದಿದವನಲ್ಲ. ಕಂಪ್ಯೂಟರ್ ಡಿಪ್ಲೊಮಾ ಮಾಡಿ ಐಟಿ ಸಪೋರ್ಟ್ ಕೆಲಸದಲ್ಲಿ ಇರುವವನು. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಆಫೀಸು. ಅಡ್ಮಿನ್ ಸ್ವಾಮಿಗಳು "ನಿಮ್ಮ ಅನುಭವವನ್ನೇ ಬರೆಯಿರಿ, ಪುರಾಣ ಬೇಡ" ಅಂದರು. ಸ್ವಲ್ಪ ಪುರಾಣವೂ ಬರುತ್ತದೆ, ಅನುಭವವೂ ಬರುತ್ತದೆ. ತಪ್ಪಿದ್ದರೆ ತಿದ್ದಿ ಸ್ವಾಮಿಗಳೇ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು, ಯಾಕೆಂದರೆ ಅದು ಮುಂದೆ ಬೇಕಾಗುತ್ತದೆ. ಹೆಲ್ಪ್‌ಡೆಸ್ಕ್‌ನಲ್ಲಿ ನಮಗೆ ಬರುವುದೆಲ್ಲ ಟಿಕೆಟ್. ಯಾರದೋ ಪಾಸ್‌ವರ್ಡ್ ಲಾಕ್ ಆಗಿದೆ, ಯಾರದೋ ಪ್ರಿಂಟರ್ ನಡೆಯುತ್ತಿಲ್ಲ. ಪ್ರತಿಯೊಂದಕ್ಕೂ ಒಂದು ಟಿಕೆಟ್ ತೆರೆಯಬೇಕು. ಸಮಸ್ಯೆ ಏನು, ಕಾರಣ ಏನು, ಪರಿಹಾರ ಏನು ಅಂತ ಬರೆದು ಕ್ಲೋಸ್ ಮಾಡಬೇಕು. ಇದೇ ಅಭ್ಯಾಸ ನನ್ನ ಸ್ವಂತ ನೋಟ್‌ಬುಕ್ಕಿಗೂ ಬಂದಿತ್ತು. ಪಾಲಿಟೆಕ್ನಿಕ್ ಓದುವ ದಿನಗಳಿಂದಲೂ ನಾನು ದಿನಚರಿ ಬರೆಯುತ್ತೇನೆ. ಅದರಲ್ಲೂ ಟಿಕೆಟ್ಟುಗಳೇ. ಯಾರು ಏನಂದರು, ಯಾರಿಂದ ನನಗೆ ಏನು ತೊಂದರೆಯಾಯಿತು. ಬರೆದರೆ ಮನಸ್ಸು ಹಗುರ ಆಗುತ್ತದೆ ಅನ್ನುತ್ತಾರಲ್ಲ, ಹಾಗಂತ ಬರೆಯುತ್ತಿದ್ದೆ. ಹಗುರ ಆಗಲಿಲ್ಲ. ಹಳೆಯ ಪುಟ ತಿರುವಿ ಓದಿದಾಗಲೆಲ್ಲ ಅದೇ ಸಿಟ್ಟು ಹೊಸದಾಗಿ ಬರುತ್ತಿತ್ತು.

ಅದರಲ್ಲಿ ಒಂದು ದೊಡ್ಡ ಟಿಕೆಟ್ ಇತ್ತು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಮ್ಮ ತಂದೆ ಕುಂದಾಪುರದ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಆ ಕಾಲದಲ್ಲಿ ನಮ್ಮೂರ ಕಡೆಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಹಾಗೆಯೇ. ಈಗಲೂ ದೋಸೆ ಕಾವಲಿಯ ಮುಂದೆ ನಿಲ್ಲುತ್ತಾರೆ. ಮುಂಗೈ ತುಂಬ ಸುಟ್ಟ ಗುರುತುಗಳು. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಮುಂದೆ ಇಂಜಿನಿಯರಿಂಗ್ ಡಿಗ್ರಿ ಮಾಡಬೇಕು ಅಂತ ತಿಂಗಳು ತಿಂಗಳು ಹಣ ಕೂಡಿಡುತ್ತಿದ್ದೆ. ನಾನು ಓದುವಾಗ ತೆರೆದ ಜಂಟಿ ಖಾತೆ ಅದು, ತಂದೆಯ ಹೆಸರೂ ಇತ್ತು. ಮೂರು ವರ್ಷದ ಹಿಂದೆ ಒಂದು ರಾತ್ರಿ ಶಿಫ್ಟ್‌ನಲ್ಲಿ ಇರುವಾಗ ಮೊಬೈಲಿಗೆ ಮೆಸೇಜ್ ಬಂತು. ಖಾತೆಯಿಂದ 55,000 ರೂಪಾಯಿ ಹೋಗಿದೆ. ಊರಿನಲ್ಲಿ ದೊಡ್ಡತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ತಂದೆ ನನ್ನನ್ನು ಒಂದು ಮಾತು ಕೇಳದೆ ಹಣ ಕಳಿಸಿದ್ದರು. ಹನ್ನೊಂದು ದಿನಕ್ಕೆ ದೊಡ್ಡತ್ತೆ ತೀರಿಹೋದರು. ನನ್ನ ಡಿಗ್ರಿ ಆ ವರ್ಷಕ್ಕೆ ನಿಂತಿತು.

ಅಂದಿನಿಂದ ನಾನು ತಂದೆಯ ಹತ್ತಿರ ಮಾತು ಕಡಿಮೆ ಮಾಡಿದೆ. ಜಗಳ ಆಡಲಿಲ್ಲ. "ಹೂಂ", "ಇಲ್ಲ", ಅಷ್ಟೇ. ಉಳಿದದ್ದೆಲ್ಲ ಅಮ್ಮನ ಮೂಲಕ. ಒಂದೇ ಕೋಣೆ, ಒಂದು ಅಡುಗೆಮನೆ ಇರುವ ಮನೆಯಲ್ಲಿ ಇಬ್ಬರು ಗಂಡಸರು ಎರಡು ವರ್ಷ ಹೀಗೆ ಇದ್ದೆವು. ಅವರು ಹೋಟೆಲ್ ಮುಚ್ಚಿ ಬರುವ ಹೊತ್ತಿಗೆ ನಾನು ಆಫೀಸಿಗೆ ಹೊರಟಿರುತ್ತಿದ್ದೆ, ಹಾಗಾಗಿ ಸುಲಭವೇ ಆಯಿತು.

ಕಳೆದ ವರ್ಷ ವೃಶ್ಚಿಕ ಮಾಸದ ಮೊದಲ ದಿನ ನಾನು ಕನ್ನಿಸ್ವಾಮಿಯಾಗಿ ಮಾಲೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ ಮನಸ್ಸಿಗೆ ನೆಮ್ಮದಿ ಇರಲಿಲ್ಲ, ಅದಕ್ಕೇ ಹಾಕಿಕೊಂಡೆ. ರಾತ್ರಿ ಶಿಫ್ಟ್‌ನವನಿಗೆ ವ್ರತ ಹೇಗೆ ಅಂತ ಗುರುಸ್ವಾಮಿಗಳನ್ನು ಕೇಳಿದೆ. ಅವರು ನಕ್ಕು, "ನೀವು ಎದ್ದ ಹೊತ್ತೇ ನಿಮಗೆ ಬೆಳಗಿನ ಜಾವ. ಆಫೀಸಿಗೆ ಹೋಗುವ ಮೊದಲು ಒಂದು ಸ್ನಾನ, ಬಂದ ಮೇಲೆ ಒಂದು ಸ್ನಾನ, ಎರಡು ಹೊತ್ತೂ ಶರಣು" ಅಂದರು. ಸರ್ವರ್ ರೂಮಿಗೆ ಬರಿಗಾಲಿನಲ್ಲಿ ಬಿಡುವುದಿಲ್ಲ ಸ್ವಾಮಿ, ಕರೆಂಟಿನ ಜಾಗ ಅಂದೆ. "ಅಲ್ಲಿ ಹಾಕಿಕೊಳ್ಳಿ, ಹೊರಗೆ ಬಂದು ಬಿಡಿ. ಜೀವ ಕಾಯುವ ನಿಯಮವನ್ನು ಮುರಿಯಿರಿ ಅಂತ ಅಯ್ಯಪ್ಪ ಎಲ್ಲೂ ಹೇಳಿಲ್ಲ" ಅಂದರು. ನಮ್ಮಂತೆ ಶಿಫ್ಟ್‌ನಲ್ಲಿ ದುಡಿಯುವ ಹೊಸ ಸ್ವಾಮಿಗಳು ಈ ಗುಂಪಿನಲ್ಲಿ ಬಹಳ ಇದ್ದಾರೆ, ಅವರಿಗೆ ಧೈರ್ಯ ಆಗಲಿ ಅಂತ ಇದನ್ನು ಬರೆದೆ.

ಮಾಲೆ ಹಾಕಿ ಮನೆಗೆ ಬಂದೆ. ಬಾಗಿಲಲ್ಲಿ ತಂದೆ ನಿಂತಿದ್ದರು. ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದು, "ಬನ್ನಿ ಸ್ವಾಮಿ, ಕೂತ್ಕಣಿ" ಅಂದರು.

ಸ್ವಾಮಿಗಳೇ, ನಿಮಗೆಲ್ಲ ಇದು ಅಭ್ಯಾಸ ಆಗಿರಬಹುದು. ಹೆತ್ತವರು ಮಗನಿಗೆ ಬಹುವಚನ ಹಾಕಿ ಮಾತಾಡುವುದು ಮೊದಲ ಸಲ ಕೇಳಿದಾಗ ನನಗೆ ತಲೆ ಎತ್ತಲು ಆಗಲಿಲ್ಲ. ಮಾಲೆಯ ನಿಯಮ ಅಂದಮೇಲೆ ನಾನೂ ಉತ್ತರ ಕೊಡಬೇಕು. "ಸ್ವಾಮಿ ಶರಣಂ" ಅಂದೆ. ಎಷ್ಟೋ ಕಾಲದ ಮೇಲೆ ತಂದೆಯ ಮುಖ ನೋಡಿ ನಾನಾಗಿ ಆಡಿದ ಮೊದಲ ಮಾತು ಅದು. ಆಮೇಲೆ ದಿನಾ ಅದೇ ನಡೆಯಿತು. ಅವರು "ಭಿಕ್ಷೆ ಆಯ್ತಾ ಸ್ವಾಮಿ?" ಅನ್ನುತ್ತಿದ್ದರು, ನಾನು "ಆಯ್ತು ಸ್ವಾಮಿ" ಅನ್ನುತ್ತಿದ್ದೆ. ಆಹಾ, ಮಾಲೆಯ ಮಹಿಮೆ, ನನ್ನ ಸಿಟ್ಟು ಹೋಗಿಬಿಟ್ಟಿತು ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ, ಟಿಕೆಟ್ ಕ್ಲೋಸ್ ಅಂತ.

ನಮ್ಮ ಗುರುಸ್ವಾಮಿಗಳದ್ದು ಒಂದು ಪದ್ಧತಿ ಇದೆ. ಕನ್ನಿಸ್ವಾಮಿಗಳು ಪ್ರತಿದಿನ ಮಲಗುವ ಮೊದಲು ಮೂರು ಸಾಲು ಬರೆಯಬೇಕು, ಇವತ್ತು ನನ್ನ ವ್ರತದಲ್ಲಿ ಏನು ಕೊರತೆಯಾಯಿತು ಅಂತ. ಸುಮಾರು ಮೂವತ್ತನೇ ದಿನ, ಭಜನೆ ಮುಗಿದ ಮೇಲೆ, "ಏನು ಬರೆದಿದ್ದೀರಿ ಓದಿ ಸ್ವಾಮಿ" ಅಂದರು. ಬರೆಯುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಓದಿದೆ. ಆಫೀಸಿನಲ್ಲಿ ಒಬ್ಬರು ಮಾಲೆ ನೋಡಿ ತಮಾಷೆ ಮಾಡಿದರು. ಲೋಕಲ್ ಟ್ರೇನಿನಲ್ಲಿ ಒಬ್ಬ ಕಾಲು ತುಳಿದ. ನಾನು ಶರಣು ಹೇಳುವಾಗ ಅವರು ಟಿವಿ ಹಾಕಿದರು. ಅವರು ದೀಪದ ಎಣ್ಣೆ ತರಲು ಮರೆತರು.

ಗುರುಸ್ವಾಮಿಗಳು ಪೂರ್ತಿ ಕೇಳಿ, "ಇದೆಲ್ಲ ಬೇರೆಯವರ ಕೊರತೆ ಆಯಿತು. ನಿಮ್ಮದು ಎಲ್ಲಿ?" ಅಂದರು. ನಾನು ಸುಮ್ಮನಿದ್ದೆ. ಆಮೇಲೆ, "ಅವರು ಅವರು ಅಂತ ಬರೆದಿದ್ದೀರಲ್ಲ, ಅವರು ಯಾರು?" ಅಂದರು.

"ನಮ್ಮ ತಂದೆ" ಅಂದೆ.

"ಹೆಸರಿಡಿದು ಕರೆಯುವುದು ಬೇಡ, ಸರಿ. ಅಪ್ಪ ಅಂತಲೂ ಬರೆಯಲಿಲ್ಲ ಯಾಕೆ?"

ನನಗೆ ಗೊತ್ತೇ ಇರಲಿಲ್ಲ. ಪುಟ ಹಿಂದೆ ಹಿಂದೆ ತಿರುವಿದೆ. ಎರಡು ವರ್ಷದ ನೋಟ್‌ಬುಕ್ಕಿನಲ್ಲಿ ಒಂದು ಕಡೆಯೂ "ಅಪ್ಪ" ಅನ್ನುವ ಶಬ್ದ ಇಲ್ಲ. ಎಲ್ಲ ಕಡೆ "ಅವರು". ಮನೆಯಲ್ಲಿ ಈಗ ಕರೆಯುತ್ತಿದ್ದದ್ದು "ಸ್ವಾಮಿ". ಗುರುಸ್ವಾಮಿಗಳು ಮೆತ್ತಗೆ ಹೇಳಿದರು: "ಎಲ್ಲರನ್ನೂ ಸ್ವಾಮಿ ಅನ್ನುವುದು ಎಲ್ಲರಲ್ಲೂ ದೇವರನ್ನು ಕಾಣಲಿ ಅಂತ. ನೀವು ಆ ಶಬ್ದವನ್ನು ಅಪ್ಪ ಅನ್ನುವುದನ್ನು ತಪ್ಪಿಸಿಕೊಳ್ಳಲು ಇಟ್ಟುಕೊಂಡಿದ್ದೀರಿ. ದಿನಕ್ಕೆ 108 ಶರಣು ಕೂಗುತ್ತೀರಲ್ಲ, ಪ್ರತಿ ಶರಣಿನ ಕೊನೆಗೆ ಏನು ಬರುತ್ತದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ."

ಏನು ಬರುತ್ತದೆ? ಅಯ್ಯಪ್ಪ. ಅಯ್ಯ, ಅಪ್ಪ. ಎರಡೂ ಹಿರಿಯರನ್ನು, ತಂದೆಯನ್ನು ಕರೆಯುವ ಶಬ್ದಗಳೇ. ಆ ರಾತ್ರಿ ಠಾಣೆಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮ್ ಮೇಲೆ ನಿಂತು ಯೋಚಿಸುತ್ತಿದ್ದೆ. ನಮ್ಮ ಕುಂದಾಪುರದ ಕಡೆ ತಂದೆಯನ್ನು ಕರೆಯುವುದು ಅಪ್ಪಯ್ಯ ಅಂತ. ನಾನೂ ಚಿಕ್ಕಂದಿನಿಂದ ಹಾಗೆಯೇ ಕರೆದವನು. ಅಪ್ಪಯ್ಯ. ಅಯ್ಯಪ್ಪ. ಅದೇ ಎರಡು ಶಬ್ದ, ಹಿಂದು ಮುಂದು ಅಷ್ಟೇ. ಬೆಟ್ಟದ ಮೇಲಿರುವವನನ್ನು ದಿನಕ್ಕೆ 108 ಸಲ ಕೂಗಿ, ಮನೆಯಲ್ಲಿರುವವರನ್ನು ಎರಡು ವರ್ಷದಿಂದ ಒಂದು ಸಲವೂ ಕರೆಯದೆ ಇದ್ದೆ. ಟಿಕೆಟ್ ಕ್ಲೋಸ್ ಆಗಿರಲಿಲ್ಲ ಸ್ವಾಮಿಗಳೇ. ನಾನು ಕಾರಣ ಬರೆಯದೆ ಮುಚ್ಚಿದ್ದೆ. ನಮ್ಮ ಕೆಲಸದಲ್ಲಿ ಅಂಥ ಟಿಕೆಟ್ ಮತ್ತೆ ರೀಓಪನ್ ಆಗಿಯೇ ಆಗುತ್ತದೆ.

ಇಲ್ಲಿ ಸ್ವಲ್ಪ ಪುರಾಣ.

ಶಬರಿಮಲೆಯಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ನಿಂತಾಗ ಎದುರಿಗೆ "ತತ್ತ್ವಮಸಿ" ಅಂತ ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ನೀನೇ ಆಗಿದ್ದೀಯ ಅಂತ ಅರ್ಥ, ಛಾಂದೋಗ್ಯ ಉಪನಿಷತ್ತಿನ ಮಹಾವಾಕ್ಯ ಅಂತ ಹಿರಿಯರು ಹೇಳುತ್ತಾರೆ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳಿದರು ಅನ್ನುವುದನ್ನು ನಾನು ಕಳೆದ ವರ್ಷವೇ ತಿಳಿದದ್ದು. ಅದನ್ನು ಹೇಳಿದ್ದು ಒಬ್ಬ ತಂದೆ, ಕೇಳಿದ್ದು ಮಗ. ಉದ್ದಾಲಕ ಮುನಿಯ ಮಗ ಶ್ವೇತಕೇತು ಹನ್ನೆರಡನೇ ವಯಸ್ಸಿಗೆ ಗುರುಕುಲಕ್ಕೆ ಹೋಗಿ, ಎಲ್ಲ ವೇದ ಓದಿ, ಇಪ್ಪತ್ತನಾಲ್ಕನೇ ವಯಸ್ಸಿಗೆ ಮನೆಗೆ ಬಂದ. ಬಂದವನು ತಾನೇ ದೊಡ್ಡ ವಿದ್ವಾಂಸ ಅಂತ ಬೀಗುತ್ತಿದ್ದ. ನಾನು ಮಾಲೆ ಹಾಕಿದಾಗಲೂ ನನಗೆ ಇಪ್ಪತ್ತನಾಲ್ಕೇ. ಅವನು ವೇದ ಓದಿ ಬೀಗಿದ, ನಾನು ಡಿಪ್ಲೊಮಾ ಓದಿ ಬೀಗಿದೆ, ಅಷ್ಟೇ ವ್ಯತ್ಯಾಸ.

ಉದ್ದಾಲಕ ಮಗನನ್ನು ಬೈಯಲಿಲ್ಲ. ಒಂದು ಬಟ್ಟಲು ನೀರಿಗೆ ಉಪ್ಪು ಹಾಕಿ ರಾತ್ರಿ ಇಡು ಅಂದ. ಬೆಳಿಗ್ಗೆ, ಆ ಉಪ್ಪು ತೆಗೆದುಕೊಂಡು ಬಾ ಅಂದ. ಮಗ ಕೈಯಾಡಿಸಿದ, ಸಿಗಲಿಲ್ಲ. ಮೇಲಿನಿಂದ ಕುಡಿದು ನೋಡು ಅಂದ, ಉಪ್ಪು. ನಡುವಿನಿಂದ ಕುಡಿ, ಉಪ್ಪು. ತಳದಿಂದ ಕುಡಿ, ಉಪ್ಪು. ಕಣ್ಣಿಗೆ ಕಾಣದಿದ್ದರೂ ಅದು ಅಲ್ಲೇ ಇದೆ, ಹಾಗೆಯೇ ಆ ಸತ್ಯವೂ ಎಲ್ಲದರಲ್ಲೂ ಇದೆ, ನೀನೂ ಅದೇ ಅಂದ. ಒಂದು ಸಲ ಅಲ್ಲ, ಬೇರೆ ಬೇರೆ ಉದಾಹರಣೆ ಕೊಟ್ಟು ಒಂಬತ್ತು ಸಲ ಅದೇ ಮಾತು ಹೇಳುತ್ತಾನೆ. ಪಂಡಿತರು ಇದರಿಂದ ಜೀವ, ಬ್ರಹ್ಮ ಅಂತ ದೊಡ್ಡ ವಿಚಾರ ತೆಗೆಯುತ್ತಾರೆ, ಅದು ಸರಿಯೇ. ನನ್ನಂಥವನಿಗೆ ಅದರಲ್ಲಿ ಒಬ್ಬ ತಂದೆಯ ತಾಳ್ಮೆಯೂ ಕಂಡಿತು. ನಮ್ಮ ತಂದೆಯರ ಪ್ರೀತಿಯೂ ಆ ಉಪ್ಪಿನ ಹಾಗೆ. ಕೈಹಾಕಿ ಹುಡುಕಿದರೆ ಸಿಗುವುದಿಲ್ಲ, ಸಾಂಬಾರಿಗೆ ಉಪ್ಪು ಹಾಕಿದ್ದೇನೆ ನೋಡಿ ಅಂತ ಯಾವ ಅಡುಗೆಯವರೂ ಹೇಳುವುದಿಲ್ಲ.

ಮಣಿಕಂಠನ ಕಥೆಯನ್ನೂ ಈ ಕಣ್ಣಿನಿಂದ ನೋಡಿ. ಪಂಪಾ ತೀರದಲ್ಲಿ ಸಿಕ್ಕ ಮಗುವನ್ನು ಪಂದಳದ ರಾಜಶೇಖರ ರಾಜ ಸಾಕಿದ. ರಾಣಿ ತಲೆನೋವಿನ ನೆಪ ಹೇಳಿ ಹುಲಿಯ ಹಾಲು ಬೇಕು ಅಂದಾಗ, ಅದು ಸುಳ್ಳು ಅಂತ ಗೊತ್ತಿದ್ದೂ ಮಣಿಕಂಠ ಕಾಡಿಗೆ ಹೋದ. ಆ ಮನೆಯಲ್ಲೂ ಅನ್ಯಾಯ ನಡೆದಿತ್ತು ಸ್ವಾಮಿಗಳೇ, ನಮ್ಮ ನಿಮ್ಮ ಮನೆಗಿಂತ ದೊಡ್ಡ ಅನ್ಯಾಯ. ಹುಲಿಯ ಮೇಲೆ ಕೂತು ಮರಳಿ ಬಂದವನು ಯಾರ ತಪ್ಪು ಎಷ್ಟು ಅಂತ ಲೆಕ್ಕ ಕೇಳಲಿಲ್ಲ. ಇವತ್ತಿಗೂ ಜನವರಿಯಲ್ಲಿ, ಮಕರಜ್ಯೋತಿಗೆ ಮೊದಲು, ಪಂದಳದಿಂದ ತಿರುವಾಭರಣದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಕಾಲ್ನಡಿಗೆಯಲ್ಲಿ ಸನ್ನಿಧಾನಕ್ಕೆ ತರುತ್ತಾರೆ. ತಂದೆ ಮಗನಿಗಾಗಿ ಮಾಡಿಸಿದ ಆಭರಣ ಅಂತ ನಂಬಿಕೆ. ಬಾಯಲ್ಲಿ ಹೇಳಲಾಗದ್ದನ್ನು ಒಬ್ಬ ತಂದೆ ಹೀಗೆ ವರ್ಷ ವರ್ಷವೂ ಕಳಿಸುತ್ತಿದ್ದಾನೆ ಅಂತ ನನಗೆ ಅನ್ನಿಸುತ್ತದೆ.

ಸರಿ, ನನ್ನ ಕಥೆಗೆ ಬರುತ್ತೇನೆ. ಗುರುಸ್ವಾಮಿಗಳು ಹೇಳಿದ ಕೂಡಲೇ ನಾನು ಓಡಿಹೋಗಿ ತಂದೆಯ ಕಾಲಿಗೆ ಬೀಳಲಿಲ್ಲ. ನಾಲ್ಕೈದು ದಿನ ಏನೂ ಮಾಡಲಿಲ್ಲ. ಬಾಯಿ ಬರಲಿಲ್ಲ. ಬಾಯಿಗೆ ಬಾರದ್ದು ಕೈಗಾದರೂ ಬರುತ್ತದಾ ನೋಡೋಣ ಅಂತ, ಒಂದು ರಾತ್ರಿ ಟಿಕೆಟ್ ಕಡಿಮೆ ಇದ್ದಾಗ ನೋಟ್‌ಬುಕ್ ತೆಗೆದೆ. ಹಳೆಯ ಪುಟದಲ್ಲಿ ಹೀಗಿತ್ತು: "ಅವರು ನನ್ನನ್ನು ಕೇಳದೆ ನನ್ನ ಹಣ ತೆಗೆದರು." ಅದರ ಕೆಳಗೆ, "ಅವರು" ಇದ್ದಲ್ಲಿ "ಅಪ್ಪಯ್ಯ" ಅಂತ ಹಾಕಿ ಮತ್ತೆ ಬರೆಯಲು ಹೋದೆ. ಆದರೆ ಅಪ್ಪಯ್ಯ ಅಂತ ಬರೆದ ಮೇಲೆ ವಾಕ್ಯ ಮೊದಲಿನಂತೆ ಮುಂದೆ ಹೋಗಲಿಲ್ಲ. ಕೈ ತಾನಾಗಿ ಬರೆಯಿತು: "ಅಪ್ಪಯ್ಯ ತನ್ನ ಅಕ್ಕನನ್ನು ಉಳಿಸಲು ಹಣ ತೆಗೆದರು." ಎರಡೂ ವಾಕ್ಯ ನಿಜವೇ. ಮೊದಲನೆಯದರಲ್ಲಿ ನಾನು ಒಬ್ಬನೇ ಇದ್ದೆ. ಎರಡನೆಯದರಲ್ಲಿ, ಊರಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಫೋನ್ ಹಿಡಿದು ನಿಂತ ಒಬ್ಬ ತಮ್ಮ ಇದ್ದ.

ಆಗ ನೆನಪಾಯಿತು. ದೊಡ್ಡತ್ತೆ ತೀರಿಹೋದ ದಿನ ನಾನು ಅಪ್ಪಯ್ಯನಿಗೆ ಒಂದು ಮಾತೂ ಹೇಳಿರಲಿಲ್ಲ. ಅಕ್ಕ ಹೋದಳಲ್ಲ ಅಂತ ಹತ್ತಿರ ಕೂತಿರಲಿಲ್ಲ. ಸಿಟ್ಟಿನಲ್ಲಿದ್ದೆ. ಅವರು ಮೂರನೇ ದಿನಕ್ಕೆ ಮತ್ತೆ ಕಾವಲಿಯ ಮುಂದೆ ನಿಂತರು. ಗುರುಸ್ವಾಮಿಗಳು ಕೇಳಿದ "ನಿಮ್ಮ ಕೊರತೆ ಎಲ್ಲಿ" ಅನ್ನುವ ಪ್ರಶ್ನೆಗೆ ಆ ರಾತ್ರಿ ಮೂರು ಸಾಲು ಬರೆದೆ.

ಇರುಮುಡಿ ಕಟ್ಟುವ ದಿನ ಬಂತು. ಆ ದಿನಾಂಕವನ್ನು ನಾನು ಅಮ್ಮನಿಗೆ ಮಾತ್ರ ಹೇಳಿದ್ದೆ, ಶಿಫ್ಟ್ ಮುಗಿಸಿ ನೇರ ಶಿಬಿರಕ್ಕೆ ಹೋಗುವ ಯೋಚನೆ ಇತ್ತು. ಹಿಂದಿನ ದಿನ ಸಂಜೆ ಕೆಲಸಕ್ಕೆ ಹೊರಡುವ ಮೊದಲು ಹೋಟೆಲಿಗೆ ಹೋದೆ. ಹಿಂಬಾಗಿಲಲ್ಲಿ ನಿಂತು ಕರೆದೆ. "ಅಪ್ಪಯ್ಯ" ಅಂದೆ. ಗದ್ದಲದಲ್ಲಿ ಕೇಳಿಸಲಿಲ್ಲ, ಎರಡನೇ ಸಲ ಜೋರಾಗಿ ಕರೆಯಬೇಕಾಯಿತು. ಕಾವಲಿಯ ಮೇಲೆ ದೋಸೆ ಇತ್ತು, ಬೇರೆಯವರ ಕೈಗೆ ಸಟ್ಟುಗ ಕೊಟ್ಟು ಬಂದರು. "ನಾಳೆ ಬೆಳಿಗ್ಗೆ ಇರುಮುಡಿ. ನೀವು ಬಂದು ಅಕ್ಕಿ ಹಾಕಬೇಕು" ಅಂದೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಂಡು, "ಅಮ್ಮ ಹೇಳಿತ್ತ್. ರಜೆ ಕೇಳಿ ಇಟ್ಟಿದ್ದೆ" ಅಂದರು. ನಾನು ಕರೆಯುತ್ತೇನೋ ಇಲ್ಲವೋ ಗೊತ್ತಿಲ್ಲದೆಯೇ ಕೇಳಿ ಇಟ್ಟಿದ್ದರು.

ಬೆಳಿಗ್ಗೆ ಬಂದರು. ತುಪ್ಪದ ಕಾಯಿಗೆ ನನ್ನ ಜೊತೆ ತುಪ್ಪ ಹಾಕಿದರು. ಮೂರು ಹಿಡಿ ಅಕ್ಕಿ ಹಾಕಿದರು. ನಮ್ಮ ಶಿಬಿರದ ಪದ್ಧತಿಯಲ್ಲಿ ಇರುಮುಡಿ ತಲೆಗೆ ಏರಿದ ಮೇಲೆ ಹೋಗಿ ಬರುತ್ತೇನೆ ಅನ್ನುವ ಹಾಗಿಲ್ಲ, ತಿರುಗಿ ನೋಡುವ ಹಾಗೂ ಇಲ್ಲ. ಅದಕ್ಕೆ ಮೊದಲೇ ಕಾಲಿಗೆ ನಮಸ್ಕಾರ ಮಾಡಿ, "ದೊಡ್ಡತ್ತೆ ಹೋದಾಗ ನಾನು ನಿಮ್ಮ ಹತ್ತಿರ ಮಾತಾಡಲಿಲ್ಲ ಅಪ್ಪಯ್ಯ, ತಪ್ಪಾಯಿತು" ಅಂದೆ. ಅವರು ಏನೂ ಹೇಳಲಿಲ್ಲ. ಸುಟ್ಟ ಗುರುತಿನ ಕೈ ತಲೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ಹಣದ ಮಾತು ಬಂದದ್ದು ನಾನು ಯಾತ್ರೆ ಮುಗಿಸಿ ಬಂದು ಮಾಲೆ ತೆಗೆದ ಮೇಲೆ. "ಹಣ ಹೋದದ್ದಕ್ಕಲ್ಲ, ನನ್ನನ್ನು ಕೇಳಲಿಲ್ಲವಲ್ಲ ಅಂತ ಬೇಜಾರು" ಅಂದೆ. ಅಪ್ಪಯ್ಯ ತುಂಬಾ ಹೊತ್ತು ಸುಮ್ಮನಿದ್ದು, "ಕೇಣ್ಕಿತ್ತ್. ನೀ ಇಲ್ಲೆ ಅಂದ್ರೆ ಎಂತ ಮಾಡುದು ಅಂದೇಳಿ ಹೆದ್ರಿಕೆ ಆಯ್ತ್" ಅಂದರು.

ಸ್ವಾಮಿಗಳೇ, ಇದನ್ನು ಬರೆಯುವುದು ನನಗೆ ಕಷ್ಟ. ಆ ರಾತ್ರಿ ಅವರು ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಅವರಿಗೆ ನನ್ನ ಬಗ್ಗೆ ಗೊತ್ತಿತ್ತು. ಕೇಳದೆ ತೆಗೆದದ್ದು ಅವರ ತಪ್ಪು, ಅದನ್ನು ಅವರೇ ಒಪ್ಪಿದರು. ಕೇಳಲು ಹೆದರುವಂಥ ಮಗನಾಗಿದ್ದದ್ದು ನನ್ನ ತಪ್ಪು. ಅದನ್ನು ನನ್ನ ಯಾವ ಪುಟದಲ್ಲೂ ನಾನು ಬರೆದಿರಲಿಲ್ಲ.

ಮನೆಯವರ ಮೇಲೆ ಬೇಜಾರು ಇಟ್ಟುಕೊಂಡು ಈ ಸಲ ಮಾಲೆ ಹಾಕಿರುವ ಸ್ವಾಮಿಗಳು ಯಾರಾದರೂ ಇದ್ದರೆ, ಅವರಿಗೆ ಒಂದು ಚಿಕ್ಕ ವಿನಂತಿ. ಇರುಮುಡಿಯಲ್ಲಿ ಎರಡು ಗಂಟು ಇರುತ್ತದೆ. ಮುಂದಿನ ಮುಡಿಯಲ್ಲಿ ತುಪ್ಪದ ಕಾಯಿ, ಸ್ವಾಮಿಗೆ ಒಪ್ಪಿಸುವ ಸಾಮಾನು. ಹಿಂದಿನ ಮುಡಿಯಲ್ಲಿ ನಮ್ಮ ದಾರಿಯ ಆಹಾರ, ನಮ್ಮ ಅಗತ್ಯದ ವಸ್ತು. ಹಿಂದಿನದು ದಾರಿಯಲ್ಲಿ ಖರ್ಚಾಗುತ್ತ ಹೋಗುತ್ತದೆ. ಮುಂದಿನದು ಸನ್ನಿಧಾನ ಮುಟ್ಟಬೇಕು. ನಾನು ಈ ವರ್ಷ ನೋಟ್‌ಬುಕ್ಕನ್ನೂ ಹಾಗೆಯೇ ಎರಡು ಭಾಗ ಮಾಡಿದ್ದೇನೆ. ಹಿಂದಿನ ಪುಟಗಳಲ್ಲಿ ನನ್ನ ಬೇಜಾರು, ನನ್ನ ಸಿಟ್ಟು. ಬರೆಯುವುದು ತಪ್ಪಲ್ಲ, ಹಸಿವಾದರೆ ಉಣ್ಣಲೇಬೇಕು. ಆದರೆ ಅದು ದಾರಿಯಲ್ಲೇ ಮುಗಿಯಬೇಕು, ಮನೆಗೆ ವಾಪಸ್ ತರುವ ಸಾಮಾನಲ್ಲ. ಮುಂದಿನ ಪುಟಗಳಲ್ಲಿ ನನ್ನ ಕೊರತೆ ಮಾತ್ರ. ಯಾರ ಬಗ್ಗೆ ಬರೆದರೂ "ಅವರು", "ಅವನು" ಅಂತ ಬರೆಯದೆ, ಅಮ್ಮ, ಅಣ್ಣ, ಅತ್ತಿಗೆ, ಹೆಂಡತಿ ಅಂತ ಸಂಬಂಧ ಹಾಕಿ ಬರೆಯಿರಿ. ಮೂರು ದಿನ ಮಾಡಿ ನೋಡಿ. ವಾಕ್ಯ ತಾನಾಗಿ ಬೇರೆ ದಾರಿ ಹಿಡಿಯುತ್ತದೆ.

ಸನ್ನಿಧಾನದಲ್ಲಿ ಆ ಕಾಯಿಯನ್ನು ಒಡೆದು ತುಪ್ಪ ತೆಗೆದು ಅಭಿಷೇಕಕ್ಕೆ ಕೊಡುತ್ತೇವೆ. ಕಾಯಿಯ ಹೋಳು ಹೋಮಕುಂಡದ ಬೆಂಕಿಗೆ ಹೋಗುತ್ತದೆ. ತುಪ್ಪ ಜೀವ, ಕಾಯಿ ದೇಹ ಅಂತ ಹಿರಿಯರು ಹೇಳುತ್ತಾರೆ. ಕಳೆದ ಸಲ ನನ್ನ ಕಾಯಿಯಲ್ಲಿ ಅಪ್ಪಯ್ಯ ಹಾಕಿದ ತುಪ್ಪ ಯಾವುದು, ನಾನು ಹಾಕಿದ ತುಪ್ಪ ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಎಲ್ಲ ಒಟ್ಟಿಗೇ ಸ್ವಾಮಿಯ ಮೇಲೆ ಹರಿಯಿತು.

ಈ ವರ್ಷವೂ ಮಾಲೆ ಹಾಕಿ ಮನೆಗೆ ಬಂದಾಗ ಅಪ್ಪಯ್ಯ ಬಾಗಿಲಲ್ಲಿ ಕೈಮುಗಿದು "ಬನ್ನಿ ಸ್ವಾಮಿ" ಅಂದರು. "ಸ್ವಾಮಿ ಶರಣಂ ಅಪ್ಪಯ್ಯ" ಅಂದೆ. ಡಿಗ್ರಿಗೆ ಹಣ ಮತ್ತೆ ಸೇರುತ್ತಿದೆ. ಖಾತೆಯಲ್ಲಿ ಈಗಲೂ ಇಬ್ಬರ ಹೆಸರೂ ಇದೆ, ನಾನು ತೆಗೆಸಿಲ್ಲ.

ಬರೆದದ್ದರಲ್ಲಿ ಅರಿತೋ ಅರಿಯದೆಯೋ ತಪ್ಪಾಗಿದ್ದರೆ ಹರಿಹರಸುತನು ಕ್ಷಮಿಸಲಿ, ನೀವೂ ಕ್ಷಮಿಸಿ. ಎಲ್ಲ ಸ್ವಾಮಿಗಳ ವ್ರತ ನಿರ್ವಿಘ್ನವಾಗಿ ನಡೆಯಲಿ. ಇವತ್ತು ಸಂಜೆಯ ಶರಣಿಗೆ ಮೊದಲು ಮನೆಯಲ್ಲಿರುವ ಹಿರಿಯರನ್ನು, ಊರಿನಲ್ಲಿದ್ದರೆ ಫೋನಿನಲ್ಲಾದರೂ, ಒಮ್ಮೆ ಕರೆದು ಮಾತಾಡಿಸಿ.

ಸ್ವಾಮಿಯೇ ಶರಣಂ ಅಯ್ಯಪ್ಪ.